ಮಳೆಗಾಲಕ್ಕೆ ಎಂಜಿನ್ ಕಟ್ಟಿಡುವಾಗ ಟ್ಯಾಂಕ್ ಖಾಲಿಯೋ, ಭರ್ತಿಯೋ?

ಮೇ ತಿಂಗಳ ಕೊನೆಗೆ ನಮ್ಮ ಕಾಸರಗೋಡಿನ ಕಡೆ ಎಲ್ಲ ಕೆಲಸ ಒಟ್ಟಿಗೆ ಬರುತ್ತದೆ. ಹೊಳೆಬದಿಯ ಪಂಪ್ ಎತ್ತಿ ತರಬೇಕು. ಮದ್ದು ಬಿಡುವ ಮಿಷನ್ ಅಟ್ಟದಿಂದ ಇಳಿಸಬೇಕು. ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಹೊಳೆಯ ಬದಿಯವರಿಗೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಮನೆಗೆ ತರುವ ಹೊತ್ತೂ ಅದೇ. ಆಗ ಒಂದು ಪ್ರಶ್ನೆ ಬಂದೇ ಬರುತ್ತದೆ: “ಭಾವ, ಉಳಿದ ಪೆಟ್ರೋಲ್ ತೆಗೆಯುವುದಾ, ಅಲ್ಲ ಫುಲ್ ಮಾಡಿ ಇಡುವುದಾ?”

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕ್ ಪ್ಲಾಸ್ಟಿಕ್‌ನದ್ದಾದರೆ ಪೂರ್ತಿ ಖಾಲಿ ಮಾಡಿ. ತಗಡಿನದ್ದಾದರೆ, ನಾಲ್ಕು ತಿಂಗಳ ಒಳಗೆ ಮತ್ತೆ ಓಡಿಸುವುದಿದ್ದರೆ, ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ಹಾಕುವ ದ್ರವ) ಹಾಕಿ ಭರ್ತಿ ಮಾಡಿ. ಅದಕ್ಕಿಂತ ಜಾಸ್ತಿ ಸಮಯ ಇಡುವುದಾದರೆ ಖಾಲಿ ಮಾಡಿ ಒಳಗೆ ಎಣ್ಣೆ ಸವರಿ. ಹೇಗೇ ಆದರೂ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಮಾತ್ರ ಒಣಗಿರಲಿ. ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಗೋಣಿ ಹೊದೆಸಿ ಇಡುವುದು ಎಲ್ಲಕ್ಕಿಂತ ಕೆಟ್ಟ ದಾರಿ. ನಮ್ಮಲ್ಲಿ ಜಾಸ್ತಿ ಜನ ಮಾಡುವುದೂ ಅದನ್ನೇ.

ಪೆಟ್ರೋಲ್ ಕೆಡುವುದು ಹೇಗೆ

ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ಊರಿನವು. ಅಲ್ಲಿನವರು ಎಂಜಿನ್ ಕಟ್ಟಿಡುವುದು ಚಳಿಗಾಲದಲ್ಲಿ. ಅವರಿಗೆ ನೀರು ಹೆಪ್ಪುಗಟ್ಟೀತು ಎಂಬ ಹೆದರಿಕೆ. ನಮ್ಮ ತಾಪತ್ರಯವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಸಲು ಬರುತ್ತದೆ. ಆ ಗಾಳಿ ಟ್ಯಾಂಕಿನ ಒಳಗೂ ಇರುತ್ತದೆ.

ಪೆಟ್ರೋಲ್ ಮೂರು ರೀತಿಯಲ್ಲಿ ಹಾಳಾಗುತ್ತದೆ. ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ, ಆಮೇಲೆ ಎಷ್ಟು ಹಗ್ಗ ಎಳೆದರೂ ಎಂಜಿನ್ ಹೊತ್ತುವುದಿಲ್ಲ. ಉಳಿದದ್ದು ಗಾಳಿಯ ಆಮ್ಲಜನಕ ಸೇರಿ ಅಂಟಾಗುತ್ತದೆ. ಮೂರನೆಯದು ನೀರು. ಪೆಟ್ರೋಲಿಗೆ ಎಥನಾಲ್ ಎಂಬ ಆಲ್ಕೋಹಾಲ್ ಬೆರೆಸಲು ಶುರುವಾದ ಮೇಲೆ ಈ ಮೂರನೆಯದು ಜೋರಾಗಿದೆ.

ದೇಶದಲ್ಲಿ ಶೇ. 10 ಎಥನಾಲ್ ಬೆರಕೆಯ ಗುರಿ ಮುಟ್ಟಿದ್ದು 2022ರ ಜೂನ್‌ನಲ್ಲಿ. ಶೇ. 20 ಬೆರಕೆಯ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಈಗ ಬಂಕ್‌ನಲ್ಲಿ ಸುಮ್ನೆ “ಪೆಟ್ರೋಲ್” ಅಂದರೆ ಹೆಚ್ಚಾಗಿ ಸಿಗುವುದು ಅದೇ. ಎಥನಾಲ್‌ಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರನ್ನು ಅದು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಅಷ್ಟರ ತನಕ ತೊಂದರೆ ಇಲ್ಲ. ಶೇ. 10 ಬೆರಕೆಯ 10 ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ 50 ಮಿಲಿ ನೀರು ತಾಳಿಕೊಳ್ಳುತ್ತದೆ. ಇ20 ಇನ್ನೂ ಸ್ವಲ್ಪ ಜಾಸ್ತಿ. ಮಿತಿ ದಾಟಿತೋ, ನೀರು ಮತ್ತು ಎಥನಾಲ್ ಎರಡೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಪೈಪ್ ಎಳೆಯುವುದು ತಳದಿಂದಲೇ ಅಲ್ವಾ?

ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್‌ಗೆ ಇದು ಇನ್ನೂ ಅಪಾಯ. ನೀವು ಬೆರೆಸಿದ ಟೂಟಿ (2T) ಆಯಿಲ್ ಮೇಲಿನ ಪೆಟ್ರೋಲ್ ಜೊತೆ ಉಳಿಯುತ್ತದೆ. ತಳದ ಪದರದಲ್ಲಿ ಆಯಿಲ್ ಇಲ್ಲ. ಹಾಗಾಗಿ ಆ ಪದರ ಕುಡಿದು ಎಂಜಿನ್ ಹೇಗೋ ಓಡಿದರೆ ಪಿಸ್ಟನ್ ಕಚ್ಚಿಕೊಳ್ಳಬಹುದು. ಸ್ಟಾರ್ಟ್ ಆಗದಿದ್ದರೆ ಅದೇ ಪುಣ್ಯ.

ನಿಮ್ಮ ಕ್ಯಾನಿನಲ್ಲಿ ಇರುವುದು ಎಂಥದ್ದು ಅಂತ ಮನೆಯಲ್ಲೇ ನೋಡಬಹುದು. ಅಳತೆಯ ಗೆರೆ ಇರುವ ಉದ್ದ ಗಾಜಿನ ಜಾಡಿಗೆ 10 ಮಿಲಿ ನೀರು ಹಾಕಿ. ಅದರ ಮೇಲೆ 100 ಮಿಲಿ ಪೆಟ್ರೋಲ್ ಹೊಯ್ಯಿರಿ. ಮುಚ್ಚಿ ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಡಿ. ಎಥನಾಲ್ ಇಲ್ಲದಿದ್ದರೆ ತಳದ ಪದರ 10 ಮಿಲಿಯಲ್ಲೇ ನಿಲ್ಲುತ್ತದೆ. ಇದ್ದರೆ ಅದು ನೀರಿಗೆ ಸೇರಿ ಗೆರೆ ಮೇಲೆ ಏರುತ್ತದೆ. ಇ20 ಆದರೆ 30ರ ಹತ್ತಿರ ಹೋಗುತ್ತದೆ. ಇದನ್ನು ಅಂಗಳದಲ್ಲೇ ಮಾಡಿ, ಬೆಂಕಿ ಹತ್ತಿರ ಬೇಡ. ಆ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕುವುದೂ ಬೇಡ.

ಖಾಲಿ ಮಾಡಿ ಇಡುವುದು

ಹುಲ್ಲು ಕೊಚ್ಚುವ ಮಿಷನ್, ಮರ ಕೊಯ್ಯುವ ಚೈನ್‌ಸಾ, ಬೆನ್ನಿಗೆ ಹಾಕುವ ಸ್ಪ್ರೇಯರ್ ಎಲ್ಲಕ್ಕೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಟ್ಯಾಂಕ್. ತುಕ್ಕಿನ ಹೆದರಿಕೆ ಇಲ್ಲ. ಇವಕ್ಕೆ ಖಾಲಿ ಮಾಡುವುದೇ ಸರಿ, ಎರಡನೇ ಯೋಚನೆ ಬೇಡ. ಟ್ಯಾಂಕ್ ಬಗ್ಗಿಸಿ ಪೆಟ್ರೋಲ್ ತೆಗೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತದೆ, ತಾನಾಗಿ ನಿಲ್ಲುವ ತನಕ ಬಿಡಿ. ಇವುಗಳ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಇರುವುದಿಲ್ಲ, ತೆಳು ರಬ್ಬರಿನ ಡಯಾಫ್ರಮ್ ಇರುತ್ತದೆ. ಹಳೇ ಪೆಟ್ರೋಲಿನಲ್ಲಿ ತಿಂಗಳುಗಟ್ಟಲೆ ಕುಳಿತರೆ ಅದು ಗಟ್ಟಿಯಾಗಿ ಸೆಟೆದುಕೊಳ್ಳುತ್ತದೆ. ಮಿಷನ್ ಸ್ಟಾರ್ಟ್ ಆಗಿ, ಜೋರು ಮಾಡಿದ ಕೂಡಲೇ ಸತ್ತುಹೋಗುತ್ತದಲ್ಲ, ಅದಕ್ಕೆ ಬಹಳ ಸಲ ಇದೇ ಕಾರಣ.

ಪಂಪ್‌ಸೆಟ್ ಮತ್ತು ಜನರೇಟರ್‌ನಲ್ಲಿ ಬಟ್ಟಲು ಇರುವ ಕಾರ್ಬುರೇಟರ್. ಟ್ಯಾಂಕಿನ ಟ್ಯಾಪ್ ಬಂದ್ ಮಾಡಿ ಓಡಿಸಿದರೆ ಎಂಜಿನ್ ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತದೆ. ಜನ ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಬಟ್ಟಲಿನ ಅಡಿಯಲ್ಲಿ ಒಂದು ಸಣ್ಣ ಬೋಲ್ಟ್ ಉಂಟು. ಕೆಳಗೊಂದು ಸ್ಟೀಲ್ ಲೋಟ ಹಿಡಿದು ಅದನ್ನು ಸಡಿಲಿಸಿ. ಇನ್ನೂ ಒಂದೆರಡು ಚಮಚ ಇಳಿಯುತ್ತದೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಗುಂಡುಗುಂಡಾಗಿ ಉರುಳುವುದು ನೀರು. ಬಿಳಿ ಹಿಟ್ಟಿನಂತೆ ಕಂಡರೆ ಅಲ್ಯೂಮಿನಿಯಂ ತಿಂದುಹೋಗಲು ಶುರುವಾಗಿದೆ ಅಂತ ಲೆಕ್ಕ. ಜೇನಿನ ಬಣ್ಣದ ಅಂಟು ಇದ್ದರೆ ಕಳೆದ ವರ್ಷದ್ದೇ ಇನ್ನೂ ಒಳಗಿದೆ. ಬಟ್ಟಲಿನಿಂದ ಪೆಟ್ರೋಲ್ ಮೇಲೆ ಹೋಗುವ ನಳಿಕೆ, ಅಂದರೆ ಜೆಟ್‌ನ ತೂತು ಕೂದಲೆಳೆಯಷ್ಟು ಸಣ್ಣದು. ಅದು ಕಟ್ಟಿಕೊಳ್ಳಲು ಈ ಎರಡು ಚಮಚ ಸಾಕು.

ಖಾಲಿ ಮಾಡುವುದರ ಕೊರತೆ ಒಂದೇ. ತಗಡಿನ ಟ್ಯಾಂಕ್ ಒಳಗೆ ಬರೀ ಗಾಳಿ ಇದ್ದರೆ ತುಕ್ಕು ಹಿಡಿಯುತ್ತದೆ. ಕಡಲಿನಿಂದ ಐದಾರು ಕಿಲೋಮೀಟರ್ ಒಳಗಿನವರಿಗೆ ಉಪ್ಪುಗಾಳಿಯ ಕಾಟ ಬೇರೆ. ಖಾಲಿ ಮಾಡಲೇಬೇಕಾದರೆ ಒಣಗಿದ ಟ್ಯಾಂಕಿಗೆ ಅರ್ಧ ಲೋಟ ಎಂಜಿನ್ ಆಯಿಲ್ ಹಾಕಿ, ಎಲ್ಲ ಬದಿಗೂ ತಾಗುವಂತೆ ಹೊರಳಿಸಿ, ಉಳಿದದ್ದನ್ನು ಸುರಿದುಬಿಡಿ. ಮತ್ತೆ ಓಡಿಸುವಾಗ ಸ್ವಲ್ಪ ಪೆಟ್ರೋಲಿನಲ್ಲಿ ತೊಳೆದರೆ ಆಯಿತು.

ಇನ್ನೊಂದು ಮಾತು. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪ್ ಬಾಯಲ್ಲಿಟ್ಟು ಎಳೆಯಬೇಡಿ. ಪೆಟ್ರೋಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಹೋಗುವುದು ಕೆಟ್ಟದ್ದು. ನುಂಗಿದವರಿಗೆ ವಾಂತಿ ಮಾಡಿಸುವುದೂ ಅದೇ ಕಾರಣಕ್ಕೆ ತಪ್ಪು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೈಯಲ್ಲಿ ಒತ್ತುವ ಸಣ್ಣ ಪಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಭರ್ತಿ ಮಾಡಿ ಸ್ಟೆಬಿಲೈಸರ್ ಹಾಕುವುದು

ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಗೆ ಜಾಗ ಕಡಿಮೆ. ಗಾಳಿ ಕಡಿಮೆಯಾದರೆ ತೇವವೂ ಕಡಿಮೆ, ತುಕ್ಕೂ ಕಡಿಮೆ. ಕುತ್ತಿಗೆಯ ತನಕ ತುಂಬಿಸಬೇಡಿ, ಶೇ. 95 ಸಾಕು. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. 20 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದರೆ ಕಾಲು ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ.

ಸ್ಟೆಬಿಲೈಸರ್ ಅಂದರೆ ಪೆಟ್ರೋಲ್ ಅಂಟಾಗುವುದನ್ನು ನಿಧಾನ ಮಾಡುವ ದ್ರವ. ಅದನ್ನು ಹಾಕಬೇಕಾದ್ದು ಬಂಕ್‌ನಿಂದ ಅವತ್ತೇ ತಂದ ಪೆಟ್ರೋಲಿಗೆ. ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಹಾಕಿ ಎಂಜಿನ್ ಐದ್ಹತ್ತು ನಿಮಿಷ ಓಡಿಸಿ. ಆಗ ಪೈಪ್‌ನಲ್ಲೂ ಮದ್ದು ಸೇರಿದ ಪೆಟ್ರೋಲೇ ಇರುತ್ತದೆ. ಅದಾದ ಮೇಲೆ ಟ್ಯಾಪ್ ಬಂದ್ ಮಾಡಿ, ಬಟ್ಟಲು ಖಾಲಿ ಮಾಡಿ. ಹಳತಾದ ಪೆಟ್ರೋಲಿಗೆ ಹಾಕಿದರೆ ದುಡ್ಡು ದಂಡ. ಬೇರ್ಪಟ್ಟ ನೀರನ್ನು ಅದು ಮತ್ತೆ ಸೇರಿಸುವುದಿಲ್ಲ. “ನೀರು ಬಿದ್ದ ಪೆಟ್ರೋಲ್ ಸರಿಮಾಡುತ್ತದೆ” ಅಂತ ಮಾರುವ ಬಾಟಲಿಗಳನ್ನು ನಾನಂತೂ ನಂಬುವುದಿಲ್ಲ.

ನಮ್ಮ ಪೇಟೆಯ ಅಂಗಡಿಗಳಲ್ಲಿ ಸ್ಟೆಬಿಲೈಸರ್ ಸಿಗುವುದು ಅಪರೂಪ, ಆನ್‌ಲೈನ್‌ನಲ್ಲಿ ತರಿಸಬೇಕು. ಮೂರು ಲೀಟರ್ ಟ್ಯಾಂಕಿನ ಪಂಪ್ ಒಂದೇ ಇದ್ದರೆ ಆ ಖರ್ಚು ಬೇಕಾ ಅಂತ ನೋಡಿ. ಜನರೇಟರ್‌ಗೆ ಮಾತ್ರ ಖಂಡಿತ ಬೇಕು. ಅದಕ್ಕೆ ಸೀಸನ್ ಅಂತ ಇಲ್ಲ. ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಹೋದಾಗ ತಕ್ಷಣ ಸ್ಟಾರ್ಟ್ ಆಗಬೇಕು. ಅದರ ಟ್ಯಾಂಕ್ ಖಾಲಿ ಇದ್ದರೆ ಇದ್ದೂ ಪ್ರಯೋಜನ ಇಲ್ಲ.

ಕಾರ್ಬುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುವ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾಗಿಲ್ಲದ ಹೊಸ ಫೋರ್ ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೂ ಇದೇ ದಾರಿ. ಅವನ್ನು ಪೆಟ್ರೋಲ್ ಮುಗಿಯುವ ತನಕ ಓಡಿಸಿ ಒಣಗಿಸಬಾರದು. ಒಳಗಿನ ಫ್ಯೂಯೆಲ್ ಪಂಪ್ ತಂಪಾಗುವುದೇ ಹರಿಯುವ ಪೆಟ್ರೋಲಿನಿಂದ.

ಕೂಡಿಡದೆ ಮುಗಿಸುವುದು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದು. ಇದಕ್ಕೆ ನಮ್ಮ ಊರೇ ಸಹಾಯ ಮಾಡುತ್ತದೆ. ನಮ್ಮ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಮಲಗುವುದಿಲ್ಲ, ನೋಡಿ. ನೀರಿನ ಪಂಪ್ ಜೂನ್‌ನಲ್ಲಿ ಮಲಗಿ ಡಿಸೆಂಬರ್–ಜನವರಿಗೆ ಏಳುತ್ತದೆ. ಅದು ಮಲಗುವ ಹೊತ್ತಿಗೆ ಅಡಿಕೆಗೆ ಮದ್ದು ಬಿಡುವ ಮಿಷನ್ ಏಳುತ್ತದೆ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ (ಮೈಲುತುತ್ತು–ಸುಣ್ಣದ ದ್ರಾವಣ) ಮೊದಲ ಸಲ ಮಳೆ ಶುರುವಾಗುವ ಮುಂಚೆ, ಎರಡನೇ ಸಲ 40–45 ದಿನ ಕಳೆದು. ಮಳೆ ಹಿಡಿದ ಮೇಲೆ ಹುಲ್ಲು ಕೊಚ್ಚುವ ಮಿಷನ್‌ಗೆ ಬಿಡುವೇ ಇಲ್ಲ. ಹಾಗಾಗಿ ಪಂಪಿನಲ್ಲಿ ಉಳಿದ ಪೆಟ್ರೋಲ್ ಸ್ಪ್ರೇಯರ್‌ಗೆ, ಅಲ್ಲಿ ಉಳಿದದ್ದು ಹುಲ್ಲಿನ ಮಿಷನ್‌ಗೆ. ಅದೂ ಅಲ್ಲದಿದ್ದರೆ ಬೈಕಿಗೆ. ಲೀಟರಿಗೆ ನೂರು ದಾಟಿದ ಮಾಲು ಕೆಡಲು ಬಿಡುವುದು ಯಾಕೆ ಮಾರಾಯ್ರೆ?

ಇದು ನಡೆಯಬೇಕಾದರೆ ಕ್ಯಾನಿನಲ್ಲಿ ಬರೀ ಪೆಟ್ರೋಲ್ ಇರಬೇಕು. ಟೂಟಿ ಆಯಿಲ್ ಬೆರೆಸಿ ಇಟ್ಟರೆ ಅದು ಟೂ ಸ್ಟ್ರೋಕ್‌ಗೆ ಮಾತ್ರ ಆಗುತ್ತದೆ. ಬೆರೆಸಿದ್ದನ್ನು ಒಂದು ತಿಂಗಳೊಳಗೆ ಮುಗಿಸಿ ಅಂತ ಮಿಷನ್ ಕಂಪನಿಗಳು ಸಾಮಾನ್ಯವಾಗಿ ಹೇಳುತ್ತವೆ. ಅವತ್ತಿನ ಕೆಲಸಕ್ಕೆ ಬೇಕಾದಷ್ಟನ್ನು ಅವತ್ತೇ ಬೆರೆಸಿ. 1:50 ಅಂದರೆ ಲೀಟರಿಗೆ 20 ಮಿಲಿ. ಕ್ಯಾನಿನ ಮೇಲೆ ತಂದ ತಿಂಗಳು ಮತ್ತು ಬೆರಕೆ ಉಂಟೋ ಇಲ್ಲವೋ ಅಂತ ಬರೆದಿಡಿ. ಕೆಲಸದವರು ಫೋರ್ ಸ್ಟ್ರೋಕ್‌ಗೆ ಬೆರಕೆ ಹಾಕಿದರೆ ಹೊಗೆ ಬಂದೀತು ಅಷ್ಟೇ. ಟೂ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹಾಕಿದರೆ ಎಂಜಿನ್ನೇ ಹೋಗುತ್ತದೆ.

ಎಥನಾಲ್ ಇಲ್ಲದ ಪೆಟ್ರೋಲ್ ತಂದರೆ? ಸಿಕ್ಕಿದರೆ ಇಡಲು ಅದೇ ಒಳ್ಳೆಯದು, ಬಿಗಿಯಾಗಿ ಮುಚ್ಚಿದ ಡಬ್ಬದಲ್ಲಿ ಆರು ತಿಂಗಳು ಧೈರ್ಯವಾಗಿ ಇಡಬಹುದು. ಸ್ಟೆಬಿಲೈಸರ್ ಹಾಕದ ಇ20ಗೆ ನಾನು ಮೂರು ತಿಂಗಳಿಗಿಂತ ಜಾಸ್ತಿ ಕೊಡುವುದಿಲ್ಲ. ಆದರೆ ದುಬಾರಿ, ಪ್ರೀಮಿಯಂ ಅಂದ ಮಾತ್ರಕ್ಕೆ ಎಥನಾಲ್ ಇಲ್ಲ ಅಂತ ಅಲ್ಲ. ಆಕ್ಟೇನ್ ಜಾಸ್ತಿ ಇರುವುದು ಬೇರೆ, ಎಥನಾಲ್ ಇಲ್ಲದಿರುವುದು ಬೇರೆ. ಬಂಕ್‌ನವರ ಹತ್ತಿರ ಕೇಳಿ, ಸಂಶಯ ಇದ್ದರೆ ಮೇಲೆ ಹೇಳಿದ ಜಾಡಿಯಲ್ಲಿ ನೋಡಿ.

ಯಾವ ಡಬ್ಬ, ಎಲ್ಲಿ ಇಡುವುದು

ಕಾನೂನು ಇಲ್ಲಿ ಸ್ಪಷ್ಟ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ 30 ಲೀಟರ್ ತನಕ ಲೈಸನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಲೋಹದ ಡಬ್ಬವಾದರೆ 25 ಲೀಟರ್ ಮೀರಬಾರದು, ಗಾಜಿನದ್ದಾದರೆ ಒಂದು ಲೀಟರ್ ಮೀರಬಾರದು. ಬಾಯಿ ಭದ್ರವಾಗಿ ಮುಚ್ಚಿರಬೇಕು. ಸ್ವಂತ ಎಂಜಿನ್ ಇರುವವರಿಗೆ ಆ ಎಂಜಿನ್‌ನ ಉಪಯೋಗಕ್ಕೆ 100 ಲೀಟರ್ ತನಕ ವಿನಾಯಿತಿ ಉಂಟು. ಆದರೆ 30 ದಾಟಿದರೆ ಜನ ಇರುವ ಕೋಣೆಗೆ ಸಂಪರ್ಕವೇ ಇಲ್ಲದ ಪ್ರತ್ಯೇಕ ಜಾಗ ಬೇಕು. ಮನೆಯವರಿಗೆ ಅಷ್ಟೆಲ್ಲ ಯಾಕೆ, ಹತ್ತು ಲೀಟರ್ ಸಾಕು.

ಅಡುಗೆ ಎಣ್ಣೆಯ ಬಿಳಿ ಪ್ಲಾಸ್ಟಿಕ್ ಕ್ಯಾನ್ ಅಗ್ಗ, ಎಲ್ಲರ ಮನೆಯಲ್ಲೂ ಇರುತ್ತದೆ. ಆದರೆ ಪೆಟ್ರೋಲಿನ ಆವಿ ಆ ಪ್ಲಾಸ್ಟಿಕ್ ಮೂಲಕವೇ ನಿಧಾನಕ್ಕೆ ಹೊರಗೆ ಹೋಗುತ್ತದೆ. ಮುಚ್ಚಳ ಮೆತ್ತಗಾಗುತ್ತದೆ. ಸ್ಟ್ಯಾಟಿಕ್ ಕಿಡಿಯ ಅಪಾಯವೂ ಉಂಟು. ಬಂಕ್‌ನಲ್ಲಿ ಅದಕ್ಕೆ ಕೊಡುವುದೂ ಇಲ್ಲ, ಕೊಡದಿರುವುದೇ ಸರಿ. ಹಾಲಿನ ಕ್ಯಾನಿನ ಮುಚ್ಚಳಕ್ಕೆ ಆವಿ ತಡೆಯುವ ಶಕ್ತಿ ಇಲ್ಲ. ರಬ್ಬರ್ ವಾಷರ್ ಇರುವ ಉಕ್ಕಿನ ಜೆರಿಕ್ಯಾನ್‌ಗೆ ಒಮ್ಮೆ ದುಡ್ಡು ಹಾಕಿ. ಹೊರಗಿನ ಪೇಂಟ್ ಎದ್ದುಹೋದಲ್ಲಿ ತುಕ್ಕು ಶುರುವಾಗುತ್ತದೆ, ವರ್ಷಕ್ಕೊಮ್ಮೆ ಸ್ವಲ್ಪ ಬಣ್ಣ ಬಳಿಯಬೇಕು. ಬಂಕ್‌ನಲ್ಲಿ ತುಂಬಿಸುವಾಗ ಕ್ಯಾನ್ ನೆಲದ ಮೇಲಿರಲಿ, ಜೀಪಿನ ಹಿಂದೆಯೋ ಸ್ಕೂಟರಿನ ಮೇಲೆಯೋ ಇಟ್ಟು ತುಂಬಿಸಬೇಡಿ.

ಇಡುವ ಜಾಗದ ವಿಷಯದಲ್ಲಿ ನಮ್ಮ ಹಳೇ ಮನೆಗಳಿಗೆ ಒಂದು ದೊಡ್ಡ ಅಪಾಯ ಉಂಟು. ಕ್ಯಾನ್ ಇರುವುದು ಸೌದೆ ಕೊಟ್ಟಿಗೆಯಲ್ಲಿ. ಅದಕ್ಕೆ ತಾಗಿಕೊಂಡೇ ಬಚ್ಚಲು. ಮಳೆಗಾಲದಲ್ಲಿ ಬಚ್ಚಲ ಒಲೆ ಬೆಳಿಗ್ಗೆಯಿಂದ ರಾತ್ರಿ ತನಕ ಉರಿಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರ, ಮೇಲೆ ಹೋಗುವುದಿಲ್ಲ. ನೆಲ ಹಿಡಿದು ಹರಿದು, ಬಾಗಿಲ ಸಂದಿಯಲ್ಲಿ ಇಳಿದು ಒಲೆಯ ಬಾಯಿಗೆ ಹೋಗುತ್ತದೆ. ಮೈನಸ್ 40 ಡಿಗ್ರಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ರಬ್ಬರ್ ಹೊಗೆಗೂಡು, ಅಡಿಕೆ ಒಣಗಿಸುವ ಒಲೆ, ಇನ್ವರ್ಟರ್ ಬ್ಯಾಟರಿ ಯಾವುದರ ಹತ್ತಿರವೂ ಬೇಡ. ಮನೆಯಿಂದ ದೂರ, ಗಾಳಿಯಾಡುವ, ನೆರಳಿನ ಶೆಡ್ಡು ಸಾಕು. ಕ್ಯಾನ್ ಕೆಳಗೊಂದು ಹಲಗೆ ಹಾಕಿ.

ದೋಣಿಯವರಿಗೆ

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ, 52 ದಿನ. ಅದು ಡೀಸೆಲ್ ಬೋಟ್‌ಗಳ ವಿಷಯ. ಸಣ್ಣ ದೋಣಿಗಳಿಗೆ ಆ ನಿಷೇಧ ಇಲ್ಲದಿದ್ದರೂ ಕಡಲು ಬಿಡಬೇಕಲ್ಲ. ಹೊಳೆಯಲ್ಲಿ ಕೆಂಪು ನೀರು ಬಂದಾಗ ಅಲ್ಲೂ ಎಂಜಿನ್ ಇಳಿಸುವುದಿಲ್ಲ. ಅಂದರೆ ಎರಡು–ಎರಡೂವರೆ ತಿಂಗಳು ರಜೆ.

ಔಟ್‌ಬೋರ್ಡ್‌ಗೆ ಬೇರೆಯೇ ಟ್ಯಾಂಕ್ ಇರುವುದು ಒಳ್ಳೆಯದಾಯಿತು. ಅದರ ಪೆಟ್ರೋಲ್ ಬೈಕಿಗೆ ಹಾಕಿ ಮುಗಿಸಿ. ಆಯಿಲ್ ಬೆರೆಸಿದ್ದಾದರೆ ಹುಲ್ಲಿನ ಮಿಷನ್ ಇರುವವರಿಗೆ ಕೊಡಿ, ಅಳತೆ ಹೇಳಿ ಕೊಡಿ. ಇಟ್ಟುಕೊಳ್ಳಲೇಬೇಕಾದರೆ ಮುಚ್ಚಳದ ಗಾಳಿ ಸ್ಕ್ರೂ ಬಿಗಿ ಮಾಡಿ ನೆರಳಲ್ಲಿಡಿ. ಮಳೆನೀರು ಒಳಗೆ ಹೋಗುವ ದಾರಿಯೇ ಅದು. ಎಂಜಿನ್ನನ್ನು ಡ್ರಮ್ಮಿನ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯಿರಿ. ಕಾರ್ಬುರೇಟರ್ ಇರುವುದಾದರೆ ಓಡುತ್ತಿರುವಾಗಲೇ ಪೈಪ್ ಕಳಚಿ, ನಿಲ್ಲುವ ತನಕ ಬಿಡಿ. ಟೂ ಸ್ಟ್ರೋಕ್ ಆದರೆ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಚಮಚ ಟೂಟಿ ಆಯಿಲ್ ಹಾಕಿ, ಹಗ್ಗ ನಾಲ್ಕು ಸಲ ನಿಧಾನ ಎಳೆಯಿರಿ.

ಚಿಮಿಣಿ ಎಣ್ಣೆಯಲ್ಲಿ ಓಡುವ ಎಂಜಿನ್‌ಗೆ ಎರಡು ಕೆಲಸ. ನಿಲ್ಲಿಸುವ ಮುಂಚೆ ಚಿಮಿಣಿ ಎಣ್ಣೆ ಬಂದ್ ಮಾಡಿ ಪೆಟ್ರೋಲಿಗೆ ತಿರುಗಿಸಬೇಕು. ಅದಾದ ಮೇಲೆ ಪೆಟ್ರೋಲನ್ನೂ ಬಂದ್ ಮಾಡಿ ಒಣಗಿಸಬೇಕು. ಚಿಮಿಣಿ ಎಣ್ಣೆ ಬೇಗ ಆವಿಯಾಗುವುದಿಲ್ಲ, ಮುಚ್ಚಿದ ಡಬ್ಬದಲ್ಲಿ ಪೆಟ್ರೋಲಿಗಿಂತ ಎಷ್ಟೋ ಚೆನ್ನಾಗಿ ಉಳಿಯುತ್ತದೆ. ಅದನ್ನು ಇಡುವ ಬಗ್ಗೆ ಚಿಂತೆ ಬೇಡ, ನೀರು ಸೇರದಂತೆ ನೋಡಿಕೊಳ್ಳಿ ಸಾಕು.

ಕೆಟ್ಟದ್ದು ಕೈಗೆ ಬಂದರೆ

ಗಾಜಿನ ಬಾಟಲಿಗೆ ಸ್ವಲ್ಪ ಹೊಯ್ದು ನೋಡಿ. ಬಣ್ಣ ಚಹಾದಂತೆ ಕಪ್ಪಾಗಿ, ವಾರ್ನಿಷ್ ವಾಸನೆ ಬಂದರೆ, ಅಥವಾ ಎರಡು ಪದರ ಕಂಡರೆ ಅದು ಎಂಜಿನ್‌ಗೆ ಬೇಡ. ಬಾವಿಯ ಹತ್ತಿರವೋ ತೋಡಿಗೋ ಚೆಲ್ಲಬೇಡಿ. ಮುರಕಲ್ಲಿನ ನೆಲದಲ್ಲಿ ಇಳಿದದ್ದು ಬಾವಿಗೋ ಕುಡಿಯುವ ನೀರಿನ ಸುರಂಗಕ್ಕೋ ಬರುತ್ತದೆ. ಸೋಗೆ ರಾಶಿಗೆ ಸುರಿದು ಕಡ್ಡಿ ಗೀರುವವರಿದ್ದಾರೆ, ಅದಂತೂ ಬೇಡವೇ ಬೇಡ. ರಾಶಿಗಿಂತ ಮೊದಲು ಅದರ ಸುತ್ತ ಹರಡಿದ ಆವಿ ಹೊತ್ತಿಕೊಳ್ಳುತ್ತದೆ. ವರ್ಕ್‌ಶಾಪ್‌ನವರನ್ನು ಕೇಳಿ ಅಲ್ಲಿಗೇ ಕೊಟ್ಟುಬಿಡಿ.

ರಜೆ ಮುಗಿದು ದೋಣಿಗೆ ಎಂಜಿನ್ ಕಟ್ಟಿದ ದಿನ ಮೊದಲು ಹೊಸ ಪೆಟ್ರೋಲ್ ಹಾಕಿ, ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿ ನೋಡಿ. ನಾಲ್ಕೈದು ಸಲ ಒತ್ತಿದ ಮೇಲೆ ಗಟ್ಟಿಯಾಗಬೇಕು. ಆಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಪೈಪ್ ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅಥವಾ ಕೈಗೆ ಕಪ್ಪು ಹತ್ತಿದರೆ ಎಥನಾಲ್ ಅದನ್ನು ತಿಂದಿದೆ. ಟೇಪ್ ಸುತ್ತಿ ಕಡಲಿಗೆ ಇಳಿಯಬೇಡಿ, ಹೊಸ ಪೈಪ್ ಹಾಕಿ. ಇ20ಗೆ ಆಗುವ ಪೈಪ್ ಅಂತಲೇ ಕೇಳಿ ತೆಗೆದುಕೊಳ್ಳಿ.